ಸುಂದರಿಯರ ಚಿತ್ರಗಳು, ಅವುಗಳ ಹಿಂದಿನ ಕೈಗಳು



ಒಂದೇ ಹಾಳೆಯ ಮೇಲೆ ಮೂವರು ಯುವತಿಯರ ಮುಖಗಳು. ಒಬ್ಬಳು ಎಡಕ್ಕೆ, ಒಬ್ಬಳು ಬಲಕ್ಕೆ, ಅವರಿಬ್ಬರ ನಡುವೆ ಸ್ವಲ್ಪ ಮೇಲಕ್ಕೆ ಮೂರನೆಯವಳು. ಮೊದಲ ನೋಟಕ್ಕೆ ಮೂವರೂ ಅವಳಿ ಜವಳಿಗಳೇನೋ ಎನ್ನಿಸುತ್ತದೆ. ಅದೇ ಉದ್ದ ಮುಖ, ಅದೇ ಸಣ್ಣ ಬಾಯಿ, ಕಿವಿಯ ಎರಡೂ ಬದಿಗೆ ರೆಕ್ಕೆಯಂತೆ ಹರಡಿದ ಅದೇ ಕೂದಲು. ನಿಧಾನವಾಗಿ ನೋಡಿ. ಮೂಗಿನ ಗೆರೆ ಒಬ್ಬಳಿಗೆ ನೇರ, ಇನ್ನೊಬ್ಬಳಿಗೆ ತುಸು ಬಾಗು. ಕಣ್ಣಿನ ಓರೆಯಲ್ಲಿ, ಹುಬ್ಬಿನ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಉಡುಪಿನ ಮೇಲೆ, ಬೀಸಣಿಗೆಯ ಮೇಲೆ ಬೇರೆ ಬೇರೆ ಗುರುತಿನ ಎಲೆ, ಹೂಗಳು. ಈ ಚಿತ್ರವನ್ನು 'ಈ ಕಾಲದ ಮೂವರು ಸುಂದರಿಯರು' ಎಂಬ ಹೆಸರಿನಿಂದ ಕರೆಯುತ್ತಾರೆ. ಬರೆದವನು ಕಿತಗಾವ ಉತಮಾರೊ. ಕಾಲ ಸುಮಾರು 1793. ಸ್ಥಳ ಎದೋ, ಎಂದರೆ ಇಂದಿನ ಟೋಕಿಯೊ.

ಈ ಮೂವರು ದೇವತೆಗಳೂ ಅಲ್ಲ, ರಾಣಿಯರೂ ಅಲ್ಲ. ಬಲಗಡೆಯ ಒಕಿತ ಅಸಕುಸ ದೇವಾಲಯದ ಬಳಿಯ ಚಹಾ ಅಂಗಡಿಯಲ್ಲಿ ಬಂದವರಿಗೆ ಚಹಾ ಕೊಡುತ್ತಿದ್ದವಳು. ಎಡಗಡೆಯ ಒಹಿಸ ಅಕ್ಕಿಯ ಬಿಸ್ಕತ್ತು ಮಾರುವವನ ಮಗಳು. ಮೇಲಿನವಳು ತೊಯೊಹಿನ, ಹಾಡುಗಾರ್ತಿ. ಒಕಿತ ಮತ್ತು ಒಹಿಸರಿಗೆ ಆಗ ಹದಿನಾರು ಹದಿನೇಳರ ವಯಸ್ಸು. ಎಂದರೆ, ನಿಮ್ಮಲ್ಲಿ ಹಲವರ ವಯಸ್ಸು. ಅವರ ಮುಖ ಎದೋ ನಗರದ ಬೀದಿ ಬೀದಿಯ ಅಂಗಡಿಗಳಲ್ಲಿ ತೂಗಾಡುತ್ತಿತ್ತು. ಒಂದೆರಡು ಬಟ್ಟಲು ಶಾವಿಗೆಯ ಬೆಲೆಗೆ ಯಾರು ಬೇಕಾದರೂ ಒಂದು ಪ್ರತಿ ಕೊಂಡು ಮನೆಗೆ ಒಯ್ಯಬಹುದಿತ್ತು.

ಇಂಥ ಚಿತ್ರಗಳಿಗೆ ಜಪಾನಿ ಭಾಷೆಯಲ್ಲಿ 'ಬಿಜಿನ್-ಗಾ' ಎನ್ನುತ್ತಾರೆ; ಸುಂದರಿಯರ ಚಿತ್ರ ಎಂದು ಅರ್ಥ. ಇವು 'ಉಕಿಯೊ-ಎ' ಎಂಬ ದೊಡ್ಡ ಪರಂಪರೆಯ ಒಂದು ಶಾಖೆ. ಉಕಿಯೊ ಎಂದರೆ ತೇಲುವ ಲೋಕ. ನಾಟಕಶಾಲೆ, ಚಹಾ ಅಂಗಡಿ, ಕುಸ್ತಿಯ ಕಣ, ಗಣಿಕೆಯರ ಬೀದಿ, ಹೀಗೆ ನಗರದ ಮೋಜಿನ ಲೋಕಕ್ಕೆ ಇಟ್ಟ ಹೆಸರು ಅದು. ಹದಿನೆಂಟನೆಯ ಶತಮಾನದ ಎದೋ ನಗರದಲ್ಲಿ ಸುಮಾರು ಹತ್ತು ಲಕ್ಷ ಜನರಿದ್ದರು. ಆಳುವವರು ಸಮುರಾಯ್ ಯೋಧವರ್ಗದವರು. ಆದರೆ ಕಾಸು ಓಡಾಡುತ್ತಿದ್ದದ್ದು ವರ್ತಕರ, ಕುಶಲಕರ್ಮಿಗಳ ಕೈಯಲ್ಲಿ. ಈ ಚಿತ್ರಗಳಿಗೆ ಗಿರಾಕಿಗಳೂ ಅವರೇ.

ಹಾಳೆಯ ಮೇಲೆ ಉತಮಾರೊನ ಸಹಿ ಇದೆ. ಆದರೆ ಆ ಹಾಳೆಯನ್ನು ಉತಮಾರೊ ಅಚ್ಚು ಮಾಡಲಿಲ್ಲ. ಮರವನ್ನು ಅವನು ಕೆತ್ತಲೂ ಇಲ್ಲ. ನಿಮ್ಮ ಕೈಯಲ್ಲಿ ಒಂದು ಬಿಜಿನ್-ಗಾ ಇದೆ ಎಂದರೆ ಅದು ನಾಲ್ವರ ಕೆಲಸ. ಪ್ರಕಾಶಕ, ಚಿತ್ರಕಾರ, ಕೆತ್ತನೆಗಾರ, ಅಚ್ಚುಗಾರ. ಹಾಳೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಚಿತ್ರಕಾರನ ಸಹಿ, ಪ್ರಕಾಶಕನ ಮುದ್ರೆ, ಅಷ್ಟೇ. ಉಳಿದಿಬ್ಬರ ಹೆಸರು ಬಹುತೇಕ ಕಳೆದೇ ಹೋಗಿದೆ. ನಮ್ಮ ಟೆಲಿವಿಷನ್ ಕಾರ್ಯಕ್ರಮ ಮುಗಿದ ಮೇಲೆ ಪರದೆಯ ಮೇಲೆ ಛಾಯಾಗ್ರಹಣ, ಸಂಕಲನ, ಧ್ವನಿ, ಪ್ರಸಾಧನ ಎಂದು ಹೆಸರುಗಳು ಸರಿಯುತ್ತವಲ್ಲ, ಆ ಹೊತ್ತಿಗೆ ನೀವು ಎದ್ದು ಊಟಕ್ಕೆ ಹೋಗಿರುತ್ತೀರಿ, ನನಗೆ ಗೊತ್ತು. ಎದೋ ನಗರದಲ್ಲಿ ಅಷ್ಟೂ ಇರಲಿಲ್ಲ.

ಈ ಮರದಚ್ಚಿನ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಚಿತ್ರಗಳ ಹುಚ್ಚು ಹಿಡಿಸಿದ್ದೇ ಆ ವಿವರ.

ಚಿತ್ರಕಾರ ತೆಳುವಾದ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಗೆರೆಚಿತ್ರ ಬರೆಯುತ್ತಾನೆ. ಕೆತ್ತನೆಗಾರ ಅದನ್ನು ಮುಖ ಕೆಳಗಾಗಿ ಕಾಡು ಚೆರಿ ಮರದ ಹಲಗೆಗೆ ಅಂಟಿಸುತ್ತಾನೆ. ಚೆರಿ ಮರ ಏಕೆ? ಅದರ ನಾರು ಒತ್ತಾಗಿ ಒಂದೇ ಸಮನಾಗಿರುತ್ತದೆ. ಸಣ್ಣ ಗೆರೆ ಕೆತ್ತಿದರೂ ಸಿಬಿರು ಏಳುವುದಿಲ್ಲ. ಕಾಗದದ ಹಿಂಬದಿಯಿಂದ ಕಾಣುವ ಗೆರೆಗಳನ್ನು ಹಾಗೆಯೇ ಉಳಿಸಿ ಸುತ್ತಲಿನ ಮರವನ್ನು ಕೆತ್ತಿ ತೆಗೆಯುತ್ತಾನೆ. ಈ ಕೆಲಸದಲ್ಲಿ ಚಿತ್ರಕಾರನ ಮೂಲ ಚಿತ್ರ ನಾಶವಾಗುತ್ತದೆ. ಅಂದರೆ ಉತಮಾರೊ ತನ್ನ ಕೈಯಾರೆ ಬರೆದ ಆ ಹಾಳೆ ಮರದ ಸಿಪ್ಪೆಯೊಡನೆ ಕಸದ ಬುಟ್ಟಿಗೆ ಹೋಯಿತು. ನಾವು ಇಂದು ನೋಡುವುದು ಕೆತ್ತನೆಗಾರನ ಉಳಿ ಬಿಟ್ಟುಕೊಟ್ಟ ಗೆರೆ.

ಒಂದು ವಿಷಯ ಗಮನಿಸಿ. ಮರದಲ್ಲಿ ಗೆರೆ ಎಂದರೆ ಕೊರೆದದ್ದಲ್ಲ, ಉಳಿದದ್ದು. ಆದ್ದರಿಂದ ಒಂದು ಕೂದಲಿಗೆ ಆಚೆಗೊಂದು, ಈಚೆಗೊಂದು, ಎರಡು ಕೊಯ್ತ ಬೇಕು. ಸುಂದರಿಯ ಹಣೆಯಂಚಿನಲ್ಲಿ ಬಿಡಿಬಿಡಿಯಾಗಿ ಮೂಡುವ ಕೂದಲುಗಳ ನಡುವಿನ ಅಂತರ ಒಂದು ಮಿಲಿಮೀಟರಿಗಿಂತ ಕಡಿಮೆ. ನಿಮ್ಮ ಜ್ಯಾಮಿತಿ ಪೆಟ್ಟಿಗೆಯ ಅಳತೆಪಟ್ಟಿಯನ್ನು ತೆಗೆದು ಒಂದು ಮಿಲಿಮೀಟರ್ ಎಷ್ಟೆಂದು ಒಮ್ಮೆ ನೋಡಿಕೊಳ್ಳಿ. ಚಿತ್ರಕಾರ ಅನೇಕ ವೇಳೆ ಈ ಕೂದಲನ್ನು ಎಳೆಎಳೆಯಾಗಿ ಬರೆದುಕೊಡುತ್ತಲೇ ಇರಲಿಲ್ಲ. 'ಇಲ್ಲಿ ಕೂದಲು' ಎಂಬಷ್ಟು ಸೂಚನೆ ಕೊಟ್ಟು ಉಳಿದದ್ದನ್ನು ಕೆತ್ತನೆಗಾರನಿಗೆ ಬಿಡುತ್ತಿದ್ದ. ಕೆತ್ತನೆಯ ಮನೆಯಲ್ಲಿ ಉಡುಪು, ಹಿನ್ನೆಲೆಗಳನ್ನು ಶಿಷ್ಯರು ಕೆತ್ತಿದರೆ, ತಲೆಯನ್ನು ಮುಟ್ಟುವ ಅಧಿಕಾರ ಹಿರಿಯ ಕೆತ್ತನೆಗಾರನೊಬ್ಬನಿಗೆ ಮಾತ್ರ. ಉತಮಾರೊನ ಸುಂದರಿಯರ ಕೂದಲನ್ನು ಹೊಗಳುವವರು ವಾಸ್ತವವಾಗಿ ಹೆಸರು ತಿಳಿಯದ ಒಬ್ಬನನ್ನು ಹೊಗಳುತ್ತಿರುತ್ತಾರೆ.

ಗೆರೆಗಳ ಹಲಗೆ ಸಿದ್ಧವಾದ ಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡಬೇಕಲ್ಲ? ಅದಕ್ಕೆ ಪ್ರತಿ ಹಲಗೆಯ ಒಂದು ಮೂಲೆಯಲ್ಲಿ ಕಟ್ಟುಕೋನದ ಗುರುತು, ಅದೇ ಅಂಚಿನಲ್ಲಿ ಇನ್ನೊಂದು ನೇರ ಗುರುತು. ಕಾಗದದ ಮೂಲೆಯನ್ನು ಮೊದಲನೆಯದಕ್ಕೂ ಅಂಚನ್ನು ಎರಡನೆಯದಕ್ಕೂ ತಾಗಿಸಿದರೆ ಕಾಗದ ಅತ್ತಿತ್ತ ಜರುಗಲು ಆಸ್ಪದವಿಲ್ಲ. ಈ ಗುರುತಿಗೆ 'ಕೆಂಟೊ' ಎಂದು ಹೆಸರು. ಬಹಳ ಸರಳವಾದ ಉಪಾಯ. ಬಹುವರ್ಣ ಮುದ್ರಣವೆಲ್ಲ ನಿಂತಿದ್ದು ಇದರ ಮೇಲೆಯೇ.

ಯಂತ್ರವಿಲ್ಲ. ಕಾಗದ ಹಿಪ್ಪುನೇರಳೆ ಜಾತಿಯ ಒಂದು ಗಿಡದ ತೊಗಟೆಯ ನಾರಿನದು. ಒದ್ದೆ ಮಾಡಿ ಎಳೆದರೂ ಹರಿಯದು. ಅಚ್ಚುಗಾರ ಹಲಗೆಗೆ ನೀರಿನ ಬಣ್ಣವನ್ನೂ ಅಕ್ಕಿಯ ಗಂಜಿಯನ್ನೂ ಬ್ರಷ್ಷಿನಲ್ಲಿ ತಿಕ್ಕಿ, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಬಿದಿರಿನ ಪೊರೆ ಸುತ್ತಿದ ಒಂದು ದುಂಡು ಬಿಲ್ಲೆಯಿಂದ ಬೆನ್ನು ಉಜ್ಜುತ್ತಾನೆ. ಬಣ್ಣ ಕಾಗದದ ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ಬಣ್ಣವನ್ನೇ ಹಾಕದೆ ಒತ್ತಿ ಬಿಳಿ ಬಟ್ಟೆಯ ನೇಯ್ಗೆಯನ್ನು ಉಬ್ಬಿಸುವುದು, ಅಭ್ರಕದ ಪುಡಿಯಿಂದ ಹಿನ್ನೆಲೆ ಮಿನುಗುವಂತೆ ಮಾಡುವುದು, ಇವೂ ಅಚ್ಚುಗಾರನ ಕೈಚಳಕಗಳೇ. ಉತಮಾರೊನ ಪ್ರಸಿದ್ಧ ಮುಖಚಿತ್ರಗಳ ಹಿಂದೆ ಇರುವುದು ಈ ಅಭ್ರಕದ ಮಿನುಗು. ಪುಸ್ತಕದ ನಕಲಿನಲ್ಲಿ ಅದು ಬರೀ ಬೂದುಬಣ್ಣವಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದು ವಾಲಿಸಿದರಷ್ಟೇ ಬೆಳಕು ಹರಿದಾಡುವುದು. ಕ್ಯಾಮರಾಕ್ಕೂ ಅದು ಸುಲಭವಾಗಿ ದಕ್ಕುವಂಥದಲ್ಲ.

ಈ ಬಹುವರ್ಣದ ಕಲೆ ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. ಜಪಾನಿನ ಹಳೆಯ ಪಂಚಾಂಗ ಚಂದ್ರನನ್ನು ಅನುಸರಿಸುತ್ತಿತ್ತು. ಕೆಲವು ತಿಂಗಳಿಗೆ 30 ದಿನ, ಕೆಲವಕ್ಕೆ 29. ಯಾವುದು ದೊಡ್ಡ ತಿಂಗಳು, ಯಾವುದು ಚಿಕ್ಕದು ಎಂಬುದು ವರ್ಷ ವರ್ಷ ಬದಲಾಗುತ್ತಿತ್ತು. ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುವ ಊರಿನಲ್ಲಿ ಇದು ತಿಳಿಯದೆ ನಡೆಯದು. ಪಂಚಾಂಗ ಅಚ್ಚು ಮಾಡುವ ಹಕ್ಕು ಸರ್ಕಾರ ಅನುಮತಿ ಕೊಟ್ಟವರಿಗೆ ಮಾತ್ರ. ಹೀಗಾಗಿ ಎದೋ ನಗರದ ಕಾವ್ಯಪ್ರಿಯ ಶ್ರೀಮಂತರು ಒಂದು ಆಟ ಹೂಡಿದರು. ಮೇಲ್ನೋಟಕ್ಕೆ ಸುಂದರಿಯ ಚಿತ್ರ. ಒಳಗೆ ಆ ವರ್ಷದ ದೊಡ್ಡ ತಿಂಗಳುಗಳ ಅಂಕಿಗಳನ್ನು ಅಡಗಿಸಿಡುವುದು. 1765ರಲ್ಲಿ ಈ ಆಟ ಪೈಪೋಟಿಗೆ ತಿರುಗಿತು. ನನ್ನದು ನಿನ್ನದಕ್ಕಿಂತ ಚೆಂದ ಎಂಬ ಹಟದಲ್ಲಿ ಖರ್ಚನ್ನು ಯಾರೂ ಲೆಕ್ಕಿಸಲಿಲ್ಲ. ಅದುವರೆಗೆ ಎರಡು ಮೂರು ಬಣ್ಣಕ್ಕೆ ತೃಪ್ತವಾಗಿದ್ದ ಮುದ್ರಣ ಒಮ್ಮೆಗೇ ಹತ್ತಾರು ಹಲಗೆಗಳಿಗೆ ಏರಿತು. ಅವರು ಹಿಡಿದ ಚಿತ್ರಕಾರ ಸುಜುಕಿ ಹರುನೊಬು. ಅವನ ಒಂದು ಚಿತ್ರದಲ್ಲಿ ಸಂಜೆಯ ಮಳೆ ದಿಢೀರನೆ ಸುರಿಯುತ್ತಿದೆ. ಒಣಹಾಕಿದ ಬಟ್ಟೆ ತೆಗೆಯಲು ಹುಡುಗಿಯೊಬ್ಬಳು ಓಡಿ ಬರುತ್ತಿದ್ದಾಳೆ. ಕಾಲಿನ ಮರದ ಪಾದುಕೆ ಒಂದು ಕಳಚಿ ಬಿದ್ದಿದೆ. ವರ್ಷದ ಹೆಸರು, ತಿಂಗಳ ಅಂಕಿಗಳು ಎಲ್ಲಿವೆ ಗೊತ್ತೇ? ಗಾಳಿಗೆ ಹಾರುತ್ತಿರುವ ಬಟ್ಟೆಯ ಚಿತ್ತಾರದಲ್ಲಿ. ಜರತಾರಿ ಬಟ್ಟೆಯಷ್ಟು ಬಣ್ಣಬಣ್ಣದ ಈ ಚಿತ್ರಗಳಿಗೆ ಜನ 'ನಿಶಿಕಿ-ಎ', ಜರಿಚಿತ್ರ, ಎಂದರು. ಹರುನೊಬು 1770ರಲ್ಲಿ ತೀರಿಕೊಂಡ. ಐದೇ ವರ್ಷದಲ್ಲಿ ಕಲೆಯ ದಿಕ್ಕನ್ನು ಬದಲಿಸಿ ಹೋದ.

ಅನಂತರ ಬಂದ ತೊರಿ ಕಿಯೊನಾಗ ಸುಂದರಿಯರನ್ನು ಎತ್ತರಕ್ಕೆ ಬೆಳೆಸಿದ. ಹರುನೊಬುವಿನ ಹೆಂಗಸರು ಗೊಂಬೆಗಳಂತೆ ಸಣ್ಣವರು. ಕಿಯೊನಾಗನವರು ಎರಡು ಮೂರು ಹಾಳೆ ಜೋಡಿಸಿದ ಅಗಲದಲ್ಲಿ ಗಾಳಿಗೆ ಮೈಯೊಡ್ಡಿ ನಡೆಯುವ ನೀಳಕಾಯರು. ಉತಮಾರೊ ಇದಕ್ಕೆ ವಿರುದ್ಧವಾಗಿ ಹತ್ತಿರ ಬಂದ. ದೇಹವನ್ನು ಬಿಟ್ಟು ಎದೆಯಿಂದ ಮೇಲಕ್ಕೆ ಮಾತ್ರ ಬರೆದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕ್ಲೋಸ್-ಅಪ್. ಗಾಜಿನ ಪೀಪಿ ಊದುತ್ತಿರುವ ಹುಡುಗಿ, ಕನ್ನಡಿಯಲ್ಲಿ ತನ್ನ ಹಲ್ಲನ್ನು ತಾನೇ ನೋಡಿಕೊಳ್ಳುವ ಹೆಂಗಸು, ಏನೋ ನೆನಪಾಗಿ ಕೆನ್ನೆಗೆ ಕೈಯಿಟ್ಟವಳು. ಹೆಣ್ಣು ಚೆಲುವೆ ಎಂದಷ್ಟೇ ಹೇಳದೆ ಅವಳ ಮನಸ್ಸಿನಲ್ಲಿ ಏನೋ ನಡೆಯುತ್ತಿದೆ ಎಂದು ತೋರಿಸಿದ್ದು ಅವನ ಹೆಚ್ಚುಗಾರಿಕೆ. ನನ್ನ ಮೆಚ್ಚುಗೆ ಅವನಿಗೇ.

ಅವನ ಬೆನ್ನಿಗೆ ನಿಂತ ಪ್ರಕಾಶಕ ತ್ಸುತಾಯ ಜೂಸಾಬುರೊ. ಯಾವ ವಿಷಯ ಓಡುತ್ತದೆ, ಎಷ್ಟು ಬಂಡವಾಳ ಹಾಕಬೇಕು, ಯಾವ ಕೆತ್ತನೆಗಾರ ಬೇಕು, ಎಲ್ಲವೂ ಅವನ ತೀರ್ಮಾನ. ಒಬ್ಬ ನಿರ್ಮಾಪಕ ಎನ್ನಿ. ಜಪಾನಿನ ಎನ್‌ಎಚ್‌ಕೆ ಸಂಸ್ಥೆ 2025ರಲ್ಲಿ ವರ್ಷವಿಡೀ ಅವನ ಬದುಕಿನ ಬಗ್ಗೆಯೇ ಧಾರಾವಾಹಿ ಪ್ರಸಾರ ಮಾಡಿತು. ಸರ್ಕಾರದ ಕಣ್ಣೂ ಅವನ ಮೇಲಿತ್ತು. 1791ರಲ್ಲಿ, ನಿಷೇಧ ಮೀರಿ ಪುಸ್ತಕ ಪ್ರಕಟಿಸಿದನೆಂದು ಅವನ ಆಸ್ತಿಯ ಅರ್ಧಭಾಗವನ್ನು ದಂಡವಾಗಿ ಕಿತ್ತುಕೊಂಡರು. ಬರೆದ ಲೇಖಕನಿಗೆ 50 ದಿನ ಕೈಕೋಳ. ಆ ಹೊಡೆತದಿಂದ ಚೇತರಿಸಿಕೊಳ್ಳಲು ಅವನು ಉತಮಾರೊನ ಮುಖಚಿತ್ರಗಳನ್ನು ಹೊರತಂದ. 1797ರಲ್ಲಿ ಬೆರಿಬೆರಿ ರೋಗದಿಂದ ಸತ್ತ. ತೌಡೆಲ್ಲ ಕಳೆದ ಬಿಳಿ ಅಕ್ಕಿ ತಿನ್ನುವ ಎದೋ ನಗರದವರಿಗೆ ಅದು ಮಾಮೂಲು ಕಾಯಿಲೆ. ಬಿ1 ಜೀವಸತ್ವದ ಕೊರತೆ ಎಂದು ಜೀವಶಾಸ್ತ್ರದಲ್ಲಿ ನೀವು ಓದಿದ್ದೀರಿ.

ಸರ್ಕಾರಕ್ಕೆ ಈ ಚಿತ್ರಗಳ ಮೇಲೆ ಏನು ಸಿಟ್ಟು? ಮಿತವ್ಯಯ, ಶಿಸ್ತು ಎಂದು ಸುಧಾರಣೆಗೆ ಹೊರಟವರಿಗೆ ಚಹಾ ಅಂಗಡಿಯ ಹುಡುಗಿ ಊರಿನ ತಾರೆಯಾಗುವುದು ಸರಿಕಾಣಲಿಲ್ಲ. 1790ರಿಂದ ಪ್ರತಿ ಚಿತ್ರಕ್ಕೂ ಪರಿಶೀಲಕರ ಮುದ್ರೆ ಬೀಳಬೇಕಾಯಿತು. 1793ರಲ್ಲಿ, ಗಣಿಕೆಯರನ್ನು ಬಿಟ್ಟು ಬೇರೆ ಹೆಂಗಸರ ಹೆಸರನ್ನು ಚಿತ್ರದ ಮೇಲೆ ಹಾಕಕೂಡದೆಂದು ಆಜ್ಞೆಯಾಯಿತು. ಉತಮಾರೊ ಏನು ಮಾಡಿದ ಗೊತ್ತೇ? ಚಿತ್ರದ ಮೂಲೆಯಲ್ಲಿ ಒಂದು ಒಗಟಿಟ್ಟ. ಎರಡು ಕಟ್ಟು ಸೊಪ್ಪು, ಒಂದು ಬಾಣ, ಕಡಲು, ಗದ್ದೆ. ಜಪಾನಿಯಲ್ಲಿ ಸೊಪ್ಪು 'ನ', ಎರಡು ಕಟ್ಟು 'ನಿ-ವ', ಬಾಣ 'ಯ', ದೂರದ ಕಡಲು 'ಒಕಿ', ಗದ್ದೆ 'ತ'. ಕೂಡಿಸಿ ಓದಿ: ನನಿವಯ ಒಕಿತ! ನಮ್ಮ ಚಹಾ ಅಂಗಡಿಯ ಹುಡುಗಿ, ಅಂಗಡಿಯ ಹೆಸರಿನ ಸಮೇತ. ಅಧಿಕಾರಿಗಳಿಗೆ ಇದು ಹೊಳೆಯಲು ಮೂರು ವರ್ಷ ಹಿಡಿಯಿತೋ ಏನೋ, 1796ರಲ್ಲಿ ಒಗಟುಗಳನ್ನೂ ನಿಷೇಧಿಸಿದರು. 1800ರಲ್ಲಿ ದೊಡ್ಡ ಮುಖದ ಚಿತ್ರಗಳೇ ಕೂಡದೆಂದರು. ಕೊನೆಗೆ 1804ರಲ್ಲಿ ಉತಮಾರೊ ಸಿಕ್ಕಿಬಿದ್ದ. ಹಿಂದಿನ ಕಾಲದ ದೊರೆ ಹಿದೆಯೊಶಿ ತನ್ನ ಐವರು ಹೆಂಡಿರೊಡನೆ ಹೂ ನೋಡಲು ಹೋದ ಚಿತ್ರಕ್ಕಾಗಿ ಅವನಿಗೂ 50 ದಿನ ಕೈಕೋಳ. ಎರಡು ವರ್ಷದ ಮೇಲೆ, 1806ರಲ್ಲಿ, ತೀರಿಕೊಂಡ.

ಇನ್ನು ಬಣ್ಣಗಳ ವಿಷಯ. ಹಳೆಯ ಬಿಜಿನ್-ಗಾಗಳಲ್ಲಿ ಕೆಂಪು ಬರುವುದು ಕುಸುಬೆ ಹೂವಿನಿಂದ. ಹೌದು, ನಮ್ಮ ಬಿಜಾಪುರ, ಗುಲ್ಬರ್ಗಾ ಕಡೆಯ ಎರೆಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆ. ಎಸಳಿನಲ್ಲಿ ಹಳದಿ, ಕೆಂಪು ಎರಡೂ ಇರುತ್ತವೆ. ಹಳದಿ ನೀರಿನಲ್ಲಿ ತೊಳೆದುಹೋಗುತ್ತದೆ. ಉಳಿದ ಕೆಂಪು ಕ್ಷಾರದಲ್ಲಿ ಕರಗುತ್ತದೆ, ಹುಳಿ ಹಾಕಿದೊಡನೆ ಕೆಳಗೆ ಇಳಿಯುತ್ತದೆ. ಅದೇ ಚಿತ್ರದ ಕೆಂಪು, ಅದೇ ಹೆಂಗಸರ ತುಟಿಯ ರಂಗು. ಇನ್ನೊಂದು ಬೆರಗಿನ ಸಂಗತಿ: ಆ ರಂಗನ್ನು ತುಟಿಗೆ ದಪ್ಪವಾಗಿ ಬಳಿದು ಒಣಗಿಸಿದರೆ ಕೆಂಪಿನ ಬದಲು ಹಸಿರು ಹೊಳಪು ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇದು ದೊಡ್ಡ ಷೋಕಿಯಾಯಿತು. ಹಾಗಾಗಿ ಏಸೆನ್, ಕುನಿಸದ ಮುಂತಾದವರ ಚಿತ್ರಗಳಲ್ಲಿ ಸುಂದರಿಯ ಕೆಳತುಟಿ ಹಸಿರಾಗಿ ಕಂಡರೆ ಮುದ್ರಣದೋಷ ಎಂದುಕೊಳ್ಳಬೇಡಿ. ದುಬಾರಿ ರಂಗು ಕೊಳ್ಳಲಾಗದವರು ಕೆಳಗೆ ಮಸಿ ಹಚ್ಚಿ ಮೇಲೆ ತೆಳುವಾಗಿ ರಂಗು ಬಳಿದು ಅದೇ ಹೊಳಪನ್ನು ತರುತ್ತಿದ್ದರು!

ನೀಲಿ ಮಾತ್ರ ಬಹಳ ಕಾಲ ತೊಂದರೆ ಕೊಟ್ಟಿತು. ಹರುನೊಬುವಿನ ಕಾಲದ ನೀಲಿ ಒಂದು ಕಾಡುಹೂವಿನ ರಸ. ತೇವಕ್ಕೆ, ಬೆಳಕಿಗೆ ಮಾಸಿ ಕಂದಾಗುತ್ತದೆ. ಬರ್ಲಿನ್ನಿನಲ್ಲಿ ಹದಿನೆಂಟನೆಯ ಶತಮಾನದ ಮೊದಲ ದಶಕದಲ್ಲಿ ತಯಾರಾದ ಪ್ರಷ್ಯನ್ ನೀಲಿ 1830ರ ಹೊತ್ತಿಗೆ ಎದೋ ನಗರದಲ್ಲಿ ಧಾರಾಳವಾಗಿ ಸಿಗತೊಡಗಿದ ಮೇಲೆ ಈ ಕಷ್ಟ ತಪ್ಪಿತು. ಆದ್ದರಿಂದ ಪುಸ್ತಕಗಳಲ್ಲಿ ಹಳೆಯ ಬಿಜಿನ್-ಗಾ ನೋಡಿ 'ಎಂಥ ಮೃದುವಾದ ಬಣ್ಣಗಳು' ಎಂದು ಹೊಗಳುವಾಗ ಎಚ್ಚರವಿರಲಿ. ಅವು ಅನೇಕ ಬಾರಿ ಮಾಸಿದ ಬಣ್ಣಗಳು. ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯಕ್ಕೆ ಸ್ಪಾಲ್ಡಿಂಗ್ ಸಹೋದರರು 1921ರಲ್ಲಿ ಸುಮಾರು 6,500 ಮುದ್ರಣಗಳನ್ನು ದಾನ ಮಾಡಿದರು. ಷರತ್ತು ಒಂದೇ, ಇವನ್ನು ಎಂದಿಗೂ ಪ್ರದರ್ಶನಕ್ಕೆ ಇಡಕೂಡದು. ಕತ್ತಲೆಯಲ್ಲೇ ಉಳಿದ ಕಾರಣ ಆ ಚಿತ್ರಗಳ ನೇರಳೆ, ನೀಲಿಗಳು ನಿನ್ನೆ ಅಚ್ಚಾದಂತೆ ಇವೆ. ಯಾರೂ ನೋಡದಿದ್ದುದರಿಂದ ಉಳಿದ ಬಣ್ಣಗಳನ್ನು ಈಗ ನಾವು ಅಂಕೀಯ ಛಾಯಾಚಿತ್ರಗಳಲ್ಲಿ ನೋಡುತ್ತಿದ್ದೇವೆ.

ಜಪಾನಿನ ಬಾಗಿಲು ತೆರೆದ ಮೇಲೆ ಈ ಹಾಳೆಗಳು ಯೂರೋಪಿಗೆ ಹೋದವು. 1890ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ದೊಡ್ಡ ಪ್ರದರ್ಶನ ನೋಡಿದ ಮೇರಿ ಕ್ಯಾಸಟ್ ಎಂಬ ಚಿತ್ರಕಾರ್ತಿ ಮರುವರ್ಷವೇ ಉತಮಾರೊನ ಪ್ರಭಾವದಲ್ಲಿ ಹತ್ತು ಬಣ್ಣದ ಮುದ್ರಣಗಳನ್ನು ಮಾಡಿದಳು. ಸ್ವದೇಶದಲ್ಲಿ ಮಾತ್ರ ಫೋಟೋ, ಕಲ್ಲಚ್ಚುಗಳ ಮುಂದೆ ಮರದಚ್ಚು ಸೋಲುತ್ತಿತ್ತು. ಅದನ್ನು ಎತ್ತಿ ನಿಲ್ಲಿಸಿದವನು ಮತ್ತೊಬ್ಬ ಪ್ರಕಾಶಕ, ವತನಾಬೆ ಶೋಜಾಬುರೊ. 1916ರಲ್ಲಿ ಅವನು ಪ್ರಕಟಿಸಿದ 'ಕನ್ನಡಿಯ ಮುಂದೆ' ಎಂಬ ಕೆಂಪು ಉಡುಪಿನ ಹೆಣ್ಣಿನ ಚಿತ್ರ ಬರೆದಾಗ ಇತೊ ಶಿನ್ಸುಯ್‌ಗೆ ಹದಿನೆಂಟೇ ವರ್ಷ. ಹಶಿಗುಚಿ ಗೊಯೊ ಎಂಬ ಇನ್ನೊಬ್ಬ 1920ರಲ್ಲಿ ಕೂದಲು ಬಾಚುತ್ತಿರುವ ಹೆಣ್ಣನ್ನು ಬರೆದ. ಕೆತ್ತನೆ, ಅಚ್ಚು ಎರಡನ್ನೂ ತಾನೇ ಮೇಲೆ ನಿಂತು ಮಾಡಿಸಿದ ಆತ ಮರುವರ್ಷವೇ ತೀರಿಕೊಂಡ. 1923ರ ಸೆಪ್ಟೆಂಬರ್ 1ರ ಭೂಕಂಪದ ಬೆಂಕಿಯಲ್ಲಿ ವತನಾಬೆಯ ಅಂಗಡಿ, ಹಲಗೆಗಳು, ಮುದ್ರಣಗಳು ಸುಟ್ಟುಹೋದವು. ಅವನು ಮತ್ತೆ ಮೊದಲಿನಿಂದ ಶುರುಮಾಡಿದ.

ಒಂದು ಮಾತು ಹೇಳದೆ ಬಿಡುವಂತಿಲ್ಲ. ಒಕಿತಳಂಥವರು ಕೆಲವರು. ಬಿಜಿನ್-ಗಾಗಳಲ್ಲಿ ಕಾಣುವ ಬಹಳಷ್ಟು ಹೆಂಗಸರು ಯೊಶಿವಾರ ಎಂಬ ಬಡಾವಣೆಯ ಗಣಿಕೆಯರು. ಸುತ್ತ ಕಂದಕ, ಓಡಾಡಲು ಒಂದೇ ಹೆಬ್ಬಾಗಿಲು. ಬಡವರ ಮನೆಯ ಹೆಣ್ಣುಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಸಾಲದ ಲೆಕ್ಕಕ್ಕೆ ಅಲ್ಲಿಗೆ ಮಾರುತ್ತಿದ್ದರು. ಉಡುಪು, ಹಾಸಿಗೆ, ತಲೆಗೆ ಮುಡಿಯುವ ಪಿನ್ನು, ಎಲ್ಲವೂ ಅದೇ ಸಾಲಕ್ಕೆ ಸೇರುತ್ತಿತ್ತು. ಚಿತ್ರದಲ್ಲಿ ನೀವು ಮೆಚ್ಚುವ ಆ ಜರತಾರಿ ಅವಳ ಮೈಮೇಲಿನ ಸಾಲ. ಸತ್ತರೆ ದಿಕ್ಕಿಲ್ಲದವರನ್ನು ಹತ್ತಿರದ ಜೋಕನ್-ಜಿ ದೇವಾಲಯದಲ್ಲಿ ಹೂಳುತ್ತಿದ್ದರು. ಈ ವ್ಯವಸ್ಥೆ ಕಾನೂನಿನ ಪ್ರಕಾರ ಪೂರ್ತಿ ಕೊನೆಗೊಂಡದ್ದು 1958ರಲ್ಲಿ. ಚಿತ್ರಕಾರರು ಇದನ್ನು ಅರಿಯದವರಲ್ಲ. ಆದರೆ ಹಾಳೆಗಳು ಜಾಹೀರಾತೂ ಆಗಿದ್ದವು. ಜಾಹೀರಾತಿನಲ್ಲಿ ಯಾರೂ ದಣಿದಿರುವುದಿಲ್ಲ. ಉತಮಾರೊ ಕೂಡ ಅಪರೂಪಕ್ಕೆ ಮಾತ್ರ, ನಿದ್ದೆಗಣ್ಣಿನ, ಕೂದಲು ಕೆದರಿದ ಹೆಂಗಸನ್ನು ಬರೆದ.

ಇದನ್ನೆಲ್ಲ ಒಬ್ಬ ಹೆಣ್ಣು ಬರೆದಿದ್ದರೆ? ಒಬ್ಬಳು ಬರೆದಳು. ಹೊಕುಸಾಯ್ ಎಂಬ ಮಹಾ ಚಿತ್ರಕಾರನ ಮಗಳು ಕತ್ಸುಶಿಕ ಓ-ಇ. ಸುಂದರಿಯರನ್ನು ಬರೆಯುವುದರಲ್ಲಿ ಅವಳು ನನ್ನನ್ನು ಮೀರಿಸಿದ್ದಾಳೆ ಎಂದು ತಂದೆಯೇ ಹೇಳಿದ್ದನೆಂದು ಪ್ರತೀತಿ. ಅವಳ ಕೃತಿಗಳು ಬೆರಳೆಣಿಕೆಯಷ್ಟೇ ಉಳಿದಿವೆ. ಅವುಗಳಲ್ಲಿ ಒಂದು ಟೋಕಿಯೊದ ಓತ ಸ್ಮಾರಕ ಕಲಾ ಸಂಗ್ರಹಾಲಯದಲ್ಲಿದೆ. ಅದು ಮರದಚ್ಚಲ್ಲ, ಕೈಯಿಂದ ಬರೆದದ್ದು. ರಾತ್ರಿಯ ಯೊಶಿವಾರ. ಮರದ ಕಂಬಿಗಳ ಹಿಂದೆ, ದೀಪದ ಬೆಳಕಿನಲ್ಲಿ ಸಾಲಾಗಿ ಕುಳಿತ ಹೆಂಗಸರು. ಹೊರಗೆ ಕತ್ತಲಲ್ಲಿ ನಿಂತು ನೋಡುವ ಗಂಡಸರು. ಹೆಂಗಸರ ಮುಖಗಳಿಗೆ ಕಂಬಿ ಅಡ್ಡ ಬಂದಿದೆ. ಯಾರದೂ ಸರಿಯಾಗಿ ಕಾಣುವುದಿಲ್ಲ. ಚಿತ್ರಕ್ಕೆ ಎಂದಿನಂತೆ ಸಹಿಯಿಲ್ಲ. ಬೀದಿಯಲ್ಲಿರುವ ಮೂರು ಕೈಲಾಂದ್ರಗಳ ಮೇಲೆ ಒಂದೊಂದು ಅಕ್ಷರ ಬರೆದಿದೆ. 'ಓ', 'ಇ', ಮತ್ತು ಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ಹೆಸರಿನ 'ಏಯ್'.